ಶಾಲೆಯಲ್ಲಿ ನಾಟಕ: ಮಕ್ಕಳಿಗೆ ಜೀವನ ಕೌಶಲ್ಯದ ಪಾಠ

ಶಾಲೆಯಲ್ಲಿ ನಾಟಕವೆಂದೊಡನೆ ಬಹುಪಾಲು ಪೋಷಕರ ಕಣ್ಣೆದುರು ಬರುವುದು ವಾರ್ಷಿಕೋತ್ಸವದ ವೇದಿಕೆ. ಬಾಡಿಗೆಗೆ ತಂದ ಕಿರೀಟ, ಬಾಯಿಪಾಠ ಮಾಡಿಸಿದ ಸಂಭಾಷಣೆ, ಮುಂದಿನ ಸಾಲಿನಲ್ಲಿ ಕ್ಯಾಮೆರಾ ಹಿಡಿದ ತಂದೆ-ತಾಯಿ. ಆದರೆ ಮಗುವಿನ ಸ್ವಭಾವದ ಮೇಲೆ ನಾಟಕ ಬೀರುವ ಪ್ರಭಾವದ ಹೆಚ್ಚಿನ ಪಾಲು ಈ ವೇದಿಕೆಯ ಮೇಲೆ ಘಟಿಸುವುದಿಲ್ಲ. ಅದು ಪ್ರೇಕ್ಷಕರಿಲ್ಲದ ತರಗತಿಯಲ್ಲಿ, ಅಭ್ಯಾಸದ ವೇಳೆಯಲ್ಲಿ, ಅಭಿನಯ ಮುಗಿದ ಬಳಿಕ ನಡೆಯುವ ಮಾತುಕತೆಯಲ್ಲಿ ಘಟಿಸುತ್ತದೆ. ನಾಟಕವನ್ನು ಕಲಿಸುವುದು ಮತ್ತು ನಾಟಕದ ಮೂಲಕ ಕಲಿಸುವುದು ಇವೆರಡರ ನಡುವಿನ ವ್ಯತ್ಯಾಸ ಇರುವುದು ಇಲ್ಲಿಯೇ.

ಏನಿದು ಜೀವನ ಕೌಶಲ್ಯ?

ವಿಶ್ವ ಆರೋಗ್ಯ ಸಂಸ್ಥೆಯು 1990ರ ದಶಕದಲ್ಲಿ ಶಾಲಾ ಮಕ್ಕಳಿಗಾಗಿ ಹತ್ತು ಜೀವನ ಕೌಶಲ್ಯಗಳನ್ನು ಗುರುತಿಸಿತು. ತನ್ನನ್ನು ತಾನು ಅರಿಯುವುದು, ಇನ್ನೊಬ್ಬರ ಸ್ಥಾನದಲ್ಲಿ ನಿಂತು ಯೋಚಿಸುವುದು, ಪರಿಣಾಮಕಾರಿ ಸಂವಹನ, ಪರಸ್ಪರ ಬಾಂಧವ್ಯ, ನಿರ್ಧಾರ ಕೈಗೊಳ್ಳುವುದು, ಸಮಸ್ಯೆ ಬಿಡಿಸುವುದು, ವಿಮರ್ಶಾತ್ಮಕ ಚಿಂತನೆ, ಸೃಜನಶೀಲ ಚಿಂತನೆ, ಭಾವನೆಗಳ ನಿರ್ವಹಣೆ ಹಾಗೂ ಒತ್ತಡದ ನಿರ್ವಹಣೆ ಆ ಪಟ್ಟಿಯಲ್ಲಿವೆ. ಇಂದು ಶಿಕ್ಷಣ ತಜ್ಞರು ಸಾಮಾಜಿಕ-ಭಾವನಾತ್ಮಕ ಕಲಿಕೆ ಎಂದು ಕರೆಯುವುದೂ ಬಹುತೇಕ ಇವುಗಳನ್ನೇ.

ಇವುಗಳನ್ನು ಕಪ್ಪುಹಲಗೆಯ ಮೇಲೆ ಬರೆದು ಕಲಿಸಲಾಗದು. ಕೋಪವನ್ನು ತಡೆದುಕೊಳ್ಳಬೇಕು ಎಂಬ ವಾಕ್ಯವನ್ನು ಪರೀಕ್ಷೆಯಲ್ಲಿ ತಪ್ಪಿಲ್ಲದೆ ಬರೆಯುವ ಹುಡುಗ ಆಟದ ಮೈದಾನದಲ್ಲಿ ಗೆಳೆಯನ ಕಾಲರ್ ಹಿಡಿಯಬಹುದು. ಈಜು ಕಲಿಯಲು ನೀರಿಗಿಳಿಯಬೇಕಾದಂತೆ ಇಲ್ಲಿಯೂ ಅಭ್ಯಾಸವೇ ಮುಖ್ಯ. ತಪ್ಪಿದರೂ ನಿಜವಾದ ನಷ್ಟವಾಗದ ಅಭ್ಯಾಸವನ್ನು ನಾಟಕ ಒದಗಿಸುತ್ತದೆ.

ಕನ್ನಡ ನಾಡಿನ ಪರಂಪರೆ

ಕರ್ನಾಟಕಕ್ಕೆ ಮಕ್ಕಳ ರಂಗಭೂಮಿ ಹೊಸತಲ್ಲ. ಕುವೆಂಪು ಅವರು 'ಮೋಡಣ್ಣನ ತಮ್ಮ', 'ನನ್ನ ಗೋಪಾಲ'ದಂತಹ ನಾಟಕಗಳನ್ನು ಮಕ್ಕಳಿಗಾಗಿಯೇ ಬರೆದರು. ಪುತ್ತೂರಿನ ಬಾಲವನದಲ್ಲಿ ಶಿವರಾಮ ಕಾರಂತರು ಮಕ್ಕಳ ಶಿಕ್ಷಣದೊಂದಿಗೆ ಆಟ, ಕುಣಿತ, ನಾಟಕಗಳನ್ನು ಬೆಸೆಯುವ ಪ್ರಯೋಗ ನಡೆಸಿದರು. ಬಿ.ವಿ. ಕಾರಂತರ 'ಪಂಜರ ಶಾಲೆ' ರವೀಂದ್ರನಾಥ ಠಾಕೂರರ ಗಿಣಿಯ ಕಥೆಯನ್ನು ಆಧರಿಸಿದ್ದು, ಪುಸ್ತಕವನ್ನಷ್ಟೇ ತುರುಕುವ ಶಿಕ್ಷಣದ ಕಟು ವಿಡಂಬನೆಯಾಗಿದೆ. ಪ್ರೇಮಾ ಕಾರಂತರು ಬೆಂಗಳೂರಿನಲ್ಲಿ ಬೆನಕ ತಂಡದ ಮಕ್ಕಳ ವಿಭಾಗವನ್ನು ಬೆಳೆಸಿದರೆ, 1989ರಲ್ಲಿ ಸ್ಥಾಪನೆಯಾದ ಮೈಸೂರಿನ ರಂಗಾಯಣವು ಬೇಸಿಗೆ ರಜೆಯ ಚಿಣ್ಣರ ಮೇಳದ ಮೂಲಕ ಮಕ್ಕಳನ್ನು ರಂಗಕ್ಕೆ ಕರೆತಂದಿತು.

ಆದರೆ ಈ ಪರಂಪರೆಯ ಬಹುಭಾಗ ಶಾಲೆಯ ವೇಳಾಪಟ್ಟಿಯ ಹೊರಗೇ ಉಳಿಯಿತು. ಬೇಸಿಗೆ ಶಿಬಿರದ ಶುಲ್ಕ ಕಟ್ಟಬಲ್ಲ, ನಗರದಲ್ಲಿ ನೆಲೆಸಿರುವ ಕುಟುಂಬದ ಮಗುವಿಗೆ ಅದು ಹೆಚ್ಚು ದಕ್ಕಿತು. ಶಾಲೆಯೊಳಗೆ ಪ್ರತಿಭಾ ಕಾರಂಜಿಯಂತಹ ಸ್ಪರ್ಧೆಗಳಿವೆಯಾದರೂ ಅಲ್ಲಿ ವೇದಿಕೆ ಏರುವುದು ಈಗಾಗಲೇ ಧೈರ್ಯವುಳ್ಳ ಕೆಲವರು ಮಾತ್ರ. ಹಿಂದಿನ ಬೆಂಚಿನ ಮೌನಿ ಮಗು ಚಪ್ಪಾಳೆ ತಟ್ಟುವವರ ಸಾಲಿನಲ್ಲಿಯೇ ಉಳಿಯುತ್ತದೆ.

ತರಗತಿಯಲ್ಲಿ ಹೇಗೆ?

ಇದಕ್ಕೆ ರಂಗಸಜ್ಜಿಕೆ, ವೇಷಭೂಷಣ ಬೇಕಿಲ್ಲ. ಬೆಂಚುಗಳನ್ನು ಗೋಡೆಗೆ ಸರಿಸಿದರೆ 40 ನಿಮಿಷಗಳ ಒಂದು ಅವಧಿಯೇ ಸಾಕು. ಮೊದಲ ಕೆಲವು ನಿಮಿಷ ಆಟಗಳಿಗೆ ಮೀಸಲು. ಕನ್ನಡಿ ಆಟದಲ್ಲಿ ಇಬ್ಬರು ಎದುರುಬದುರು ನಿಂತು, ಒಬ್ಬರ ಚಲನೆಯನ್ನು ಇನ್ನೊಬ್ಬರು ಅನುಕರಿಸುತ್ತಾರೆ. ಎದುರಿನವರನ್ನು ಗಮನವಿಟ್ಟು ನೋಡದೆ ಈ ಆಟ ಸಾಗದು.

ಬಳಿಕ ಒಂದು ಸನ್ನಿವೇಶ. ಹೊಸದಾಗಿ ಸೇರಿದ ಹುಡುಗಿಯ ಪಕ್ಕ ಯಾರೂ ಊಟಕ್ಕೆ ಕೂರುತ್ತಿಲ್ಲ ಎಂದಿಟ್ಟುಕೊಳ್ಳೋಣ. ಮಕ್ಕಳು ಐದಾರು ಜನರ ಗುಂಪಿನಲ್ಲಿ ಆ ಕ್ಷಣವನ್ನು ಅಲುಗಾಡದ ಚಿತ್ರದಂತೆ ನಿಂತು ತೋರಿಸುತ್ತಾರೆ. ಶಿಕ್ಷಕರು ಒಬ್ಬೊಬ್ಬರ ಹೆಗಲು ಮುಟ್ಟಿದಾಗ ಆ ಪಾತ್ರದ ಮನಸ್ಸಿನಲ್ಲಿ ಓಡುತ್ತಿರುವುದನ್ನು ಒಂದು ವಾಕ್ಯದಲ್ಲಿ ಹೇಳುತ್ತಾರೆ. ಒಂಟಿಯಾಗಿ ಕುಳಿತವಳ ಮಾತಿನಷ್ಟೇ, ದೂರ ಸರಿದು ಕುಳಿತವಳ ಮಾತೂ ಮುಖ್ಯ.

ಮುಂದಿನ ಹೆಜ್ಜೆಗೆ ಬ್ರೆಜಿಲ್‌ನ ರಂಗಕರ್ಮಿ ಆಗಸ್ಟೋ ಬೋಲ್ ರೂಪಿಸಿದ 'ಫೋರಂ ಥಿಯೇಟರ್' ವಿಧಾನ ನೆರವಾಗುತ್ತದೆ. ಸಮಸ್ಯೆ ಕೆಟ್ಟದಾಗಿ ಕೊನೆಗೊಳ್ಳುವ ಕಿರುದೃಶ್ಯವನ್ನು ಮೊದಲು ಅಭಿನಯಿಸಲಾಗುತ್ತದೆ. ಎರಡನೆಯ ಬಾರಿ ಅದೇ ದೃಶ್ಯ ನಡೆಯುವಾಗ ನೋಡುತ್ತಿರುವ ಯಾವುದೇ ಮಗು 'ನಿಲ್ಲಿಸಿ' ಎಂದು ಕೂಗಿ, ತೊಂದರೆಗೊಳಗಾದ ಪಾತ್ರದ ಜಾಗಕ್ಕೆ ಬಂದು ಬೇರೊಂದು ದಾರಿಯನ್ನು ಪ್ರಯತ್ನಿಸಬಹುದು. ಶಿಕ್ಷಕರಿಗೆ ದೂರು ಕೊಡುವುದು, ನೇರವಾಗಿ ಮಾತನಾಡುವುದು, ಮತ್ತೊಬ್ಬರ ಬೆಂಬಲ ಪಡೆಯುವುದು ಹೀಗೆ ಒಂದೊಂದರ ಫಲಿತಾಂಶವನ್ನೂ ತರಗತಿಯೇ ಕಣ್ಣಾರೆ ಕಾಣುತ್ತದೆ.

ಕೊನೆಯ 10 ನಿಮಿಷಗಳ ಚರ್ಚೆಯನ್ನು ಬಿಟ್ಟರೆ ಉಳಿದುದು ಬರೀ ಮೋಜಾಗುತ್ತದೆ. ಆ ಪಾತ್ರಕ್ಕೆ ಏನನ್ನಿಸಿತು, ಏಕೆ ಹಾಗೆ ನಡೆದುಕೊಂಡಿತು, ಬೇರೆ ಏನು ಮಾಡಬಹುದಿತ್ತು ಎಂಬ ಮೂರು ಪ್ರಶ್ನೆಗಳು ಸಾಕು. ಶಿಕ್ಷಕರು ನೀತಿಪಾಠಕ್ಕೆ ಆತುರಪಟ್ಟರೆ ಮಕ್ಕಳು ತಮಗನ್ನಿಸಿದ್ದನ್ನು ಬಿಟ್ಟು ಶಿಕ್ಷಕರಿಗೆ ಬೇಕಾದ ಉತ್ತರವನ್ನೇ ಕೊಡುತ್ತಾರೆ.

ಸಂಶೋಧನೆ ಏನು ಹೇಳುತ್ತದೆ?

ಕೆನಡಾದ ಟೊರಾಂಟೊದಲ್ಲಿ 6 ವರ್ಷದ 144 ಮಕ್ಕಳ ಮೇಲೆ ನಡೆದ, 2004ರಲ್ಲಿ ಪ್ರಕಟವಾದ ಅಧ್ಯಯನದ ಮೂಲ ಉದ್ದೇಶ ಸಂಗೀತದ ಪರಿಣಾಮವನ್ನು ಅಳೆಯುವುದಾಗಿತ್ತು. ಒಂದು ವರ್ಷ ಸಂಗೀತ ಕಲಿತ ಮಕ್ಕಳ ಬುದ್ಧಿಮತ್ತೆಯ ಅಂಕ ಉಳಿದವರಿಗಿಂತ ತುಸು ಹೆಚ್ಚು ಏರಿತು. ನಾಟಕ ಕಲಿತ ಮಕ್ಕಳ ಸಾಮಾಜಿಕ ವರ್ತನೆ ಸುಧಾರಿಸಿತು. ಸಂಗೀತದ ಗುಂಪಿನಲ್ಲಿ ಈ ಎರಡನೆಯ ಬದಲಾವಣೆ ಕಾಣಲಿಲ್ಲ.

ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ತಜ್ಞರು ರೂಪಿಸಿದ ಜೀವನ ಕೌಶಲ್ಯ ಕಾರ್ಯಕ್ರಮದ ಮೌಲ್ಯಮಾಪನ 2010ರಲ್ಲಿ ಪ್ರಕಟವಾಯಿತು. ಇದು ಕೇವಲ ನಾಟಕದ ಕಾರ್ಯಕ್ರಮವಲ್ಲ, ಚಟುವಟಿಕೆಗಳ ಮೂಲಕ ಜೀವನ ಕೌಶಲ್ಯ ಕಲಿಸುವಂಥದ್ದು. ಪಾಲ್ಗೊಂಡ 605 ಹದಿಹರೆಯದವರನ್ನು ಪಾಲ್ಗೊಳ್ಳದ 423 ಮಂದಿಯೊಂದಿಗೆ ಹೋಲಿಸಲಾಯಿತು. ಪಾಲ್ಗೊಂಡವರಲ್ಲಿ ಆತ್ಮಗೌರವ, ಕಷ್ಟ ನಿಭಾಯಿಸುವ ವಿಶ್ವಾಸ, ಶಿಕ್ಷಕರೊಂದಿಗಿನ ಹೊಂದಾಣಿಕೆ ಉತ್ತಮವಾಗಿದ್ದವು. ಆದರೆ ಮನೆಯಲ್ಲಿನ ಮತ್ತು ಗೆಳೆಯರೊಂದಿಗಿನ ಹೊಂದಾಣಿಕೆಯಲ್ಲಾಗಲಿ, ಮಾನಸಿಕ ಸಮಸ್ಯೆಗಳ ಲಕ್ಷಣಗಳಲ್ಲಾಗಲಿ ಗಮನಾರ್ಹ ವ್ಯತ್ಯಾಸ ಕಂಡುಬರಲಿಲ್ಲ. ಇಂತಹ ತರಗತಿಗಳನ್ನು ಸರ್ವರೋಗ ನಿವಾರಕವೆಂದು ಭಾವಿಸುವುದು ಸಲ್ಲದು ಎಂಬುದಕ್ಕೆ ಇದೇ ನಿದರ್ಶನ.

ಎಚ್ಚರ ಎಲ್ಲೆಲ್ಲಿ?

ಪಾತ್ರ ಹಂಚಿಕೆಯೇ ಮೊದಲ ಪರೀಕ್ಷೆ. ಬೆಳ್ಳಗಿನ ಹುಡುಗಿ ರಾಣಿ, ಕಪ್ಪು ಹುಡುಗ ರಾಕ್ಷಸ, ದಪ್ಪಗಿನವನು ಹಾಸ್ಯಗಾರ ಎಂಬ ರೂಢಿ ಮುಂದುವರಿದರೆ, ನಾಟಕವು ಅಳಿಸಬೇಕಾದ ಗಾಯವನ್ನು ಇನ್ನಷ್ಟು ಆಳ ಮಾಡುತ್ತದೆ. ಪಾತ್ರಗಳನ್ನು ಸರದಿಯಂತೆ ಬದಲಿಸುತ್ತಿರಬೇಕು. ಬರಲೊಲ್ಲದ ಮಗುವನ್ನು ಎಳೆದು ನಿಲ್ಲಿಸದೆ, ನೋಡುವ ಹಾಗೂ ಸಲಹೆ ನೀಡುವ ಅವಕಾಶ ಕೊಡಬೇಕು.

ನಿಜವಾಗಿ ಕಿರುಕುಳ ಅನುಭವಿಸುತ್ತಿರುವ ವಿದ್ಯಾರ್ಥಿಯಿಂದ ಅದೇ ಪಾತ್ರವನ್ನು ಮಾಡಿಸಬಾರದು. ಯಾವುದೇ ಮಗುವಿನ ಮನೆಯ ಕಷ್ಟ ದೃಶ್ಯದ ವಸ್ತುವಾಗಕೂಡದು. ಅಭಿನಯ ಮುಗಿದೊಡನೆ ಹೆಸರು ಹೇಳಿ ಪಾತ್ರದಿಂದ ಹೊರಬರುವ ಪದ್ಧತಿ ಒಳ್ಳೆಯದು. ಚಟುವಟಿಕೆಯ ನಡುವೆ ಮಗುವೊಂದು ಲೈಂಗಿಕ ದೌರ್ಜನ್ಯದ ಸುಳಿವು ನೀಡಿದರೆ, ಅದನ್ನು ಪೊಲೀಸರ ಗಮನಕ್ಕೆ ತರುವುದು 2012ರ ಪೋಕ್ಸೊ ಕಾಯ್ದೆಯಂತೆ ಕಡ್ಡಾಯ. ಮಕ್ಕಳ ಸಹಾಯವಾಣಿ 1098ರ ನೆರವನ್ನೂ ಪಡೆಯಬಹುದು. ಶಿಕ್ಷಕರು ಮನೋವೈದ್ಯರಲ್ಲ, ಆ ಪಾತ್ರವನ್ನು ಅವರು ವಹಿಸಲೂಬಾರದು.

ಪಠ್ಯಕ್ರಮದಲ್ಲಿ ಸ್ಥಾನ

2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಸಂಗೀತ, ನೃತ್ಯ, ದೃಶ್ಯಕಲೆಗಳೊಂದಿಗೆ ರಂಗಭೂಮಿಯನ್ನೂ 10ನೇ ತರಗತಿಯವರೆಗೆ ಕಲಿಸಬೇಕೆಂದು ಹೇಳಿತು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಕಲಾಸಮನ್ವಿತ ಕಲಿಕೆಗೆ ಒತ್ತು ನೀಡಿದೆ. ರಾಜ್ಯದ ಕೆಲವು ಸರ್ಕಾರಿ ಪ್ರೌಢಶಾಲೆಗಳಿಗೆ ನಾಟಕ ಶಿಕ್ಷಕರ ನೇಮಕವೂ ಆಗಿದೆ. ಆದರೆ ವಾರ್ಷಿಕ ಪರೀಕ್ಷೆ ಹತ್ತಿರವಾದಂತೆ ಮೊದಲು ಕೈಬಿಡುವ ಅವಧಿ ಸಾಮಾನ್ಯವಾಗಿ ಕಲೆಯದೇ ಆಗಿರುತ್ತದೆ. ಮಕ್ಕಳ ಮೇಲಿನ ಒತ್ತಡ ಅತಿ ಹೆಚ್ಚಿರುವುದೂ ಅದೇ ತಿಂಗಳುಗಳಲ್ಲಿ.

ಮಗುವಿಗೆ ಶಾಲೆ ಹುಡುಕುವ ಪೋಷಕರು ವಾರ್ಷಿಕೋತ್ಸವದ ಭಾವಚಿತ್ರಗಳನ್ನು ನೋಡುವುದರೊಂದಿಗೆ, ವಾರಕ್ಕೆ ಎಷ್ಟು ನಾಟಕದ ಅವಧಿಗಳಿವೆ, ಅವು ಎಲ್ಲ ಮಕ್ಕಳಿಗೂ ಇವೆಯೇ, ಫೆಬ್ರುವರಿಯಲ್ಲೂ ನಡೆಯುತ್ತವೆಯೇ ಎಂದು ವಿಚಾರಿಸುವುದು ಒಳಿತು.