ಮಂಡಿಗೆ ಹಾಕೋ ಸ್ಟೀರಾಯ್ಡ್ ಇಂಜೆಕ್ಷನ್ ಬಂದ ದಾರಿ

ಕೊಕ್ಕರೆ ಬೆಳ್ಳೂರಿನ ಹುಣಸೆಮರದಡಿ ಕೂತರೆ ಮೇಲೆ ಹಕ್ಕಿಗಳ ಗದ್ದಲ, ಕೆಳಗೆ ಮಂಡಿನೋವಿನ ಮಾತು. 'ಒಂದು ಇಂಜೆಕ್ಷನ್ ಹಾಕಿಸ್ದೆ, ಎದ್ದು ಓಡಾಡ್ದೆ' ಅನ್ನೋರು ನಮ್ಮ ಕಡೆ ಎಲ್ಲಾ ಊರಲ್ಲೂ ಸಿಗ್ತಾರೆ. ಸುಳ್ಳಲ್ಲ ಅದು.

1948ರಲ್ಲಿ ಅಮೆರಿಕದ ಮೇಯೋ ಕ್ಲಿನಿಕ್‌ನಲ್ಲಿ ಫಿಲಿಪ್ ಹೆಂಚ್ ಸಂಧಿವಾತದಿಂದ ನರಳ್ತಿದ್ದ ಮಹಿಳೆಗೆ ಕಾರ್ಟಿಸೋನ್ ಕೊಟ್ಟರು. ಕೆಲವೇ ದಿನದಲ್ಲಿ ಆಕೆ ನಡೆದಾಡಿದರು. 1950ಕ್ಕೆ ನೊಬೆಲ್ಲೂ ಬಂತು. ಆದರೆ ತುಂಬಾ ದಿನ ತಗೊಂಡವರ ಮುಖ ಊದಿತು, ಮೂಳೆ ಸವೆಯಿತು. 1951ರಲ್ಲಿ ಜೋಸೆಫ್ ಹೊಲಾಂಡರ್ ತಂಡ ನೇರ ಕೀಲಿನೊಳಗೇ ಔಷಧಿ ಹಾಕೋದನ್ನ ವರದಿ ಮಾಡಿತು.

ಇವತ್ತಿಗೂ ಅದು ಊತ ಇಳಿಸುತ್ತೆ, ಸವೆದ ಕೀಲನ್ನ ಬೆಳೆಸಲ್ಲ. ಶುಗರ್ ಇದ್ದರೆ ಕೆಲವು ದಿನ ಏರುತ್ತೆ. ಅದೇ ಮಂಡಿಗೆ ಮತ್ತೆ ಹಾಕೋಕೆ ಸಾಮಾನ್ಯವಾಗಿ ಮೂರು ತಿಂಗಳಾದರೂ ಕಾಯ್ತಾರೆ. ಅಜ್ಜಿಗೆ ಹಾಕಿಸೋ ಮುಂಚೆ ಔಷಧಿ ಹೆಸರು ಚೀಟೀಲಿ ಬರೆಸ್ಕೊಳ್ಳಿ. ಆಮೇಲೆ ಮಂಡಿ ಕೆಂಪಾಗಿ ಜ್ವರ ಬಂದರೆ, ಅವತ್ತೇ ಆಸ್ಪತ್ರೆಗೆ ಕರ್ಕೊಂಡ್ಹೋಗಿ.