ಎಲ್‌ಎಸ್-ವಿಟೆಕ್: ಒಂದು ಆಯಿಲ್ ಪೈಪಿನ ಇತಿಹಾಸ

— 1 —

ಹೈಬ್ರಿಡ್ ಅಂದ್ರೆ ಈಗ ನಮಗೆ ಬ್ಯಾಟರಿ, ಮೋಟಾರ್ ನೆನಪಾಗುತ್ತೆ. 1990ರ ದಶಕದ ಅಮೆರಿಕದ ಹೋಂಡಾ ಗ್ಯಾರೇಜ್‌ಗಳಲ್ಲಿ ಈ ಪದಕ್ಕೆ ಬೇರೆ ಅರ್ಥ ಇತ್ತು. ಒಂದು ಇಂಜಿನ್ನಿನ ಬ್ಲಾಕ್, ಇನ್ನೊಂದರ ಹೆಡ್, ಎರಡನ್ನೂ ಕೂಡಿಸಿ ಬೋಲ್ಟ್ ಬಿಗಿದರೆ ಅದು ಹೈಬ್ರಿಡ್. ಕೆಲವರು ಪ್ರೀತಿಯಿಂದಲೋ ಭಯದಿಂದಲೋ ಅದನ್ನ ಫ್ರಾಂಕನ್‌ಸ್ಟೈನ್ ಅಂತಲೂ ಕರೀತಿದ್ರು.

ಈ ಹುಚ್ಚು ಹೊಸದೇನಲ್ಲ. ಫೋರ್ಡ್ 1932ರಲ್ಲಿ ತಂದ ಫ್ಲಾಟ್‌ಹೆಡ್ ವಿ8 ನೆನಪಿಸಿಕೊಳ್ಳಿ. ಅದರ ವಾಲ್ವ್‌ಗಳೆಲ್ಲ ಬ್ಲಾಕ್ ಒಳಗೇ ಇದ್ದವು, ಹಾಗಾಗಿ ಹೆಡ್ ಅನ್ನೋದು ಪಾತ್ರೆಯ ಮುಚ್ಚಳದ ಹಾಗೆ. ಅಲ್ಲಿ ಓಡಾಡೋ ಭಾಗವೇ ಇಲ್ಲ ಅಂದ್ಮೇಲೆ ಆಯಿಲ್ ಯಾಕೆ ಬೇಕು? 1940ರ ದಶಕದ ಕೊನೆಯಲ್ಲಿ ಝೋರಾ ಆರ್ಕಸ್-ಡಂಟಾವ್ ಮತ್ತು ಅವರ ತಮ್ಮ ಅದೇ ಬ್ಲಾಕಿಗೆ ಓವರ್‌ಹೆಡ್ ವಾಲ್ವ್ ಇರೋ ಹೊಸ ಹೆಡ್ ಮಾಡಿದರು. ಆರ್ಕಸ್‌ನ ‘ಆರ್’, ಡಂಟಾವ್‌ನ ‘ಡನ್’ ಸೇರಿಸಿ ಅದಕ್ಕೆ ಆರ್ಡನ್ ಅಂತ ಹೆಸರು. (ಇದೇ ಝೋರಾ ಮುಂದೆ ಜನರಲ್ ಮೋಟರ್ಸ್ ಸೇರಿ ಕಾರ್ವೆಟ್‌ನಿಂದ ಪ್ರಸಿದ್ಧರಾದರು.) ಹೊಸ ಹೆಡ್‌ನಲ್ಲಿ ರಾಕರ್‌ಗಳಿದ್ದವು, ರಾಕರ್‌ಗೆ ಆಯಿಲ್ ಬೇಕಿತ್ತು, ಹೆಡ್‌ಗೆ ಆಯಿಲ್ ಕೊಡೋ ಯೋಚನೆಯೇ ಕೆಳಗಿನ ಬ್ಲಾಕಿಗೆ ಇರಲಿಲ್ಲ. ಸುಮಾರು ಐವತ್ತು ವರ್ಷ ಆದ್ಮೇಲೆ ಹೋಂಡಾ ಹುಡುಗರಿಗೆ ಎದುರಾಗಿದ್ದೂ ಇದೇ ತೊಂದರೆ.

— 2 —

1989. ಜಪಾನಿನಲ್ಲಿ ಹೋಂಡಾ ಇಂಟೆಗ್ರಾ ಒಳಗೆ ಬಿ16ಎ ಇಂಜಿನ್ ಬಂತು. ಬರೀ 1,595 ಸಿಸಿ, 160 ಪಿಎಸ್. ಅಂದ್ರೆ ಟರ್ಬೊ ಇಲ್ಲದೆ ಲೀಟರಿಗೆ 100! ಇದರ ಹಿಂದಿದ್ದ ಇಂಜಿನಿಯರ್ ಇಕುವೊ ಕಾಜಿತಾನಿ. ಗುರಿಯನ್ನ ಲೀಟರಿಗೆ 100ಕ್ಕೆ ಏರಿಸಿ ಅಂದವರು ಆಗ ಹೋಂಡಾ ಸಂಶೋಧನಾ ವಿಭಾಗದ ಮುಖ್ಯಸ್ಥರಾಗಿದ್ದ ನೊಬುಹಿಕೊ ಕಾವಾಮೊಟೊ.

ಕೆಲಸ ಮಾಡೋ ರೀತಿ ನಿಮಗೆ ಗೊತ್ತಿರಬಹುದು, ಆದ್ರೂ ಒಂದು ಸಲ ಹೇಳ್ತೀನಿ, ಮುಂದಿನ ಕಥೆಯೆಲ್ಲ ಇದರ ಮೇಲೇ ನಿಂತಿದೆ. ಎರಡೆರಡು ವಾಲ್ವ್‌ಗೆ ಮೂರು ಕ್ಯಾಮ್ ಲೋಬ್, ಮೂರು ರಾಕರ್. ಪಕ್ಕದ ಎರಡು ಲೋಬ್ ಸೌಮ್ಯ, ನಡುವಿನದು ಜೋರು. ಕಡಿಮೆ ಆರ್‌ಪಿಎಂನಲ್ಲಿ ನಡುವಿನ ರಾಕರ್ ಸುಮ್ಮನೆ ಕುಣೀತಾ ಇರುತ್ತೆ. ಆರ್‌ಪಿಎಂ ಏರಿದಾಗ ಸೊಲೆನಾಯ್ಡ್ ತೆರೆಯುತ್ತೆ, ಆಯಿಲ್ ಒತ್ತಡ ರಾಕರ್ ಒಳಗಿನ ಸಣ್ಣ ಪಿನ್‌ಗಳನ್ನ ತಳ್ಳುತ್ತೆ, ಮೂರೂ ರಾಕರ್ ಲಾಕ್ ಆಗಿ ಜೋರು ಲೋಬ್ ಹೇಳಿದ ಹಾಗೆ ಕೇಳ್ತವೆ. ಉಳಿದ ಇಂಜಿನ್‌ಗಳಲ್ಲಿ ಹೆಡ್‌ಗೆ ಹೋಗೋ ಆಯಿಲ್ ಸವೆತ ತಡೆಯೋಕೆ. ಇಲ್ಲಿ ಅದು ಸ್ವಿಚ್ ಒತ್ತೋ ಬೆರಳೂ ಹೌದು.

ಅದಕ್ಕೇ ವಿಟೆಕ್ ಬ್ಲಾಕ್‌ನಲ್ಲಿ ಸೊಲೆನಾಯ್ಡ್‌ಗೆ ಅಂತಲೇ ಒಂದು ಬೇರೆ ಆಯಿಲ್ ದಾರಿ ಕೊರೆದಿರ್ತಾರೆ. ಗ್ಯಾಸ್ಕೆಟ್ ದಾಟಿ ಹೆಡ್ ಒಳಗೆ ಹತ್ತುತ್ತೆ.

ಅಮೆರಿಕದಲ್ಲಿ ಇಂಟೆಗ್ರಾ ಅಕ್ಯೂರಾ ಹೆಸರಲ್ಲಿ ಮಾರಾಟ ಆಗ್ತಿತ್ತು. ಸಾಮಾನ್ಯ ಎಲ್‌ಎಸ್ ಮಾದರಿಯಲ್ಲಿ ಬಿ18ಬಿ, 1,834 ಸಿಸಿ, 142 ಹಾರ್ಸ್‌ಪವರ್, ವಿಟೆಕ್ ಇಲ್ಲ. ದುಬಾರಿ ಜಿಎಸ್-ಆರ್‌ನಲ್ಲಿ ವಿಟೆಕ್ ಇರೋ ಬಿ18ಸಿ, 1,797 ಸಿಸಿ, 170 ಹಾರ್ಸ್‌ಪವರ್. ಗುಜರಿಯಲ್ಲಿ ಎಲ್‌ಎಸ್ ಇಂಜಿನ್ ಅಗ್ಗ, ಪೂರ್ತಿ ವಿಟೆಕ್ ಇಂಜಿನ್ ಕೈಗೆಟುಕದು. ಎರಡೂ ಬ್ಲಾಕಿನ ಬೋರ್ 81 ಮಿ.ಮೀ., ಹೆಡ್ ಬೋಲ್ಟ್‌ಗಳ ಜಾಗವೂ ಹೊಂದುತ್ತೆ. ಕಾಸಿಲ್ಲದ ಹುಡುಗರು ಇನ್ನೇನು ಮಾಡ್ತಾರೆ ಹೇಳಿ? ಎಲ್‌ಎಸ್ ಬ್ಲಾಕ್ ಮೇಲೆ ವಿಟೆಕ್ ಹೆಡ್ ಕೂರಿಸಿದರು.

— 3 —

ಕೂತಿತು. ಆದ್ರೆ ಎಲ್‌ಎಸ್ ಬ್ಲಾಕಿನಲ್ಲಿ ಆ ವಿಟೆಕ್ ಆಯಿಲ್ ದಾರಿಯೇ ಇಲ್ಲ! ಹೆಡ್‌ನ ತೂತು ಕೆಳಗೆ ಬಾಯಿ ತೆರೆದು ಕಾಯ್ತಾ ಇರುತ್ತೆ, ಕೆಳಗಿಂದ ಏನೂ ಬರಲ್ಲ.

ಗ್ಯಾರೇಜಿನವರು ಕಂಡುಕೊಂಡ ಪರಿಹಾರ ಹೀಗಿತ್ತು. ಬ್ಲಾಕಿನ ಹಿಂಭಾಗದಲ್ಲಿ, ಆಯಿಲ್ ಫಿಲ್ಟರ್ ಹತ್ತಿರ, ಆಯಿಲ್ ಪ್ರೆಷರ್ ಸ್ವಿಚ್ ಇರುತ್ತಲ್ಲ, ಅದನ್ನ ಬಿಚ್ಚಿ ಅಲ್ಲಿ ಒಂದು ಟೀ ಫಿಟ್ಟಿಂಗ್ ಹಾಕೋದು. ಅಲ್ಲಿಂದ ಸ್ಟೀಲ್ ಹೆಣಿಗೆಯ ಹೋಸ್ ಒಂದನ್ನ ಹೊರಗಿನಿಂದಲೇ ಮೇಲೆ ತಂದು, ಹೆಡ್ ಪಕ್ಕದಲ್ಲಿ ತೂತು ಕೊರೆದು ಥ್ರೆಡ್ ಮಾಡಿ ಜೋಡಿಸೋದು. ಕೆಳಗೆ ಬಾಯಿ ತೆರೆದಿದ್ದ ತೂತಿಗೆ ಪ್ಲಗ್ ಬಿಗಿಯೋದು. ಪ್ಲಗ್ ಮರೆತರೆ ಒತ್ತಡದ ಆಯಿಲ್ ನೇರ ಗ್ಯಾಸ್ಕೆಟ್ ಮೇಲೆ ಬೀಳುತ್ತೆ. ಪ್ಲಗ್ ಒಂದು ಕೂದಲೆಳೆ ಹೊರಗೆ ಚಾಚಿದ್ರೂ ಹೆಡ್ ಸಮವಾಗಿ ಕೂರಲ್ಲ, ಆದ್ದರಿಂದ ಅದರ ಮೇಲೆ ಸ್ಟ್ರೈಟ್ ಎಡ್ಜ್ ಇಟ್ಟು ನೋಡಲೇಬೇಕು.

ಇಷ್ಟರಲ್ಲಿ ಒಂದು ಗೊಂದಲ ಬಿಡಿಸಿಬಿಡೋಣ. ಹೆಡ್‌ಗೆ ಹೋಗೋ ಆಯಿಲ್ ಎರಡು ತರ. ಕ್ಯಾಮ್ ಬೇರಿಂಗ್, ರಾಕರ್ ಶಾಫ್ಟ್‌ಗೆ ಬೇಕಾದ ಮಾಮೂಲಿ ಆಯಿಲ್ ಎಲ್‌ಎಸ್ ಬ್ಲಾಕಿನಿಂದಲೂ ಮಾಮೂಲಿ ದಾರಿಯಲ್ಲೇ ಬರುತ್ತೆ. ಆ ದಾರಿಯಲ್ಲಿ ಆಯಿಲ್ ಕಂಟ್ರೋಲ್ ಆರಿಫಿಸ್ ಅನ್ನೋ ಪುಟಾಣಿ ತುಣುಕು ಇದೆ, ಸಣ್ಣ ತೂತು, ಸುತ್ತ ಓ-ರಿಂಗ್. ಮೇಲಕ್ಕೆ ಎಷ್ಟು ಬೇಕೋ ಅಷ್ಟೇ ಬಿಟ್ಟು, ಕೆಳಗಿನ ಕ್ರ್ಯಾಂಕ್ ಬೇರಿಂಗ್‌ಗಳಿಗೆ ಒತ್ತಡ ಉಳಿಸೋದು ಅದರ ಕೆಲಸ. ಹಳೇ ಬ್ಲಾಕ್ ಬಿಚ್ಚಿ ತೊಳೆಯುವಾಗ ಕಳೆದುಹೋಗೋದು ಇದೇ, ಕಸ ಕಟ್ಟಿಕೊಂಡಿರೋದೂ ಇದೇ. ಹೊರಗಿನ ಹೋಸ್ ಫೋಟೋಗೆ ಚೆನ್ನಾಗಿ ಕಾಣುತ್ತೆ, ಎಲ್ಲರ ಕಣ್ಣೂ ಅದರ ಮೇಲೆ. ನನ್ನ ಪ್ರಕಾರ ಇಂಜಿನ್ ಉಳಿಸೋದು ಅಥವಾ ಕೊಲ್ಲೋದು ಕಾಣದೇ ಇರೋ ಈ ತುಣುಕು.

ಹಾಗಾದ್ರೆ ಹೆಡ್ ಬಿಗಿಯೋ ಮುಂಚೆ ಏನು ನೋಡಬೇಕು? ಗ್ಯಾಸ್ಕೆಟ್ಟನ್ನ ಮೊದಲು ಬ್ಲಾಕ್ ಮೇಲೆ ಇಟ್ಟು, ಆಮೇಲೆ ತಿರುಗಿಸಿ ಹೆಡ್ ಮೇಲೆ ಇಟ್ಟು, ಒಂದೊಂದೇ ತೂತು ಎಲ್ಲಿಂದ ಎಲ್ಲಿಗೆ ಹೋಗುತ್ತೆ ಅಂತ ಬೆರಳಿಟ್ಟು ನೋಡಿ. ಡೋವೆಲ್ ಪಿನ್‌ಗಳ ಅಳತೆ ಎರಡು ಇಂಜಿನ್‌ಗಳಲ್ಲಿ ಬೇರೆ, ಅದನ್ನ ಸರಿಮಾಡದೆ ಗ್ಯಾಸ್ಕೆಟ್ ಸರಿಯಾಗಿ ನಿಲ್ಲಲ್ಲ. ಪ್ರತಿ ದಾರಿಯಲ್ಲೂ ಗಾಳಿ ಊದಿ, ಇನ್ನೊಂದು ತುದಿಯಲ್ಲಿ ಬರ್ತಿದೆಯಾ ನೋಡಿ. ಹೆಡ್ ಕೊರೆದಾಗ ಬಿದ್ದ ಅಲ್ಯೂಮಿನಿಯಂ ಚೂರು ಒಂದೇ ಒಂದು ಒಳಗೆ ಉಳಿದರೂ ಅದು ಸೊಲೆನಾಯ್ಡ್ ಜಾಲರಿ ಕಟ್ಟಿಸುತ್ತೆ, ಇಲ್ಲಾ ಕ್ಯಾಮ್ ಗೀರುತ್ತೆ.

— 4 —

ಈಗ ಸ್ವಲ್ಪ ಲೆಕ್ಕ, ಬೇಜಾರು ಮಾಡ್ಕೋಬೇಡಿ. ಬಿ16ಎ ಸ್ಟ್ರೋಕ್ 77.4 ಮಿ.ಮೀ. 8,000 ಆರ್‌ಪಿಎಂನಲ್ಲಿ ಪಿಸ್ಟನ್ನಿನ ಸರಾಸರಿ ವೇಗ ಸೆಕೆಂಡಿಗೆ 20.6 ಮೀಟರ್. ಎಲ್‌ಎಸ್ ಸ್ಟ್ರೋಕ್ 89 ಮಿ.ಮೀ., ರೆಡ್‌ಲೈನ್ 6,800, ಅಲ್ಲಿ ವೇಗ 20.2. ಎರಡೂ ಹತ್ತತ್ರ ಒಂದೇ! ಆದ್ರೆ ವಿಟೆಕ್ ಹೆಡ್ ಸಿಕ್ಕ ಖುಷಿಯಲ್ಲಿ ಎಲ್‌ಎಸ್ ಬ್ಲಾಕನ್ನ 8,000ಕ್ಕೆ ಎಳೆದರೆ 23.7. ಆ ಬ್ಲಾಕಿನಲ್ಲಿ ಪಿಸ್ಟನ್ ಕೆಳಗೆ ಆಯಿಲ್ ಚಿಮ್ಮಿಸೋ ಜೆಟ್ ಇಲ್ಲ, ಮೇನ್ ಬೇರಿಂಗ್ ಕ್ಯಾಪ್‌ಗಳನ್ನ ಒಟ್ಟಿಗೆ ಹಿಡಿಯೋ ಗರ್ಡಲ್ ಇಲ್ಲ. ಹೀಗೆ ರಾಡ್ ಬೇರಿಂಗ್‌ಗೆ ಆಯಿಲ್ ಹೆಚ್ಚು ಬೇಕಾದ ಹೊತ್ತಲ್ಲೇ ನಾವು ಅದೇ ಪಂಪಿನಿಂದ ಮೇಲಕ್ಕೊಂದು ಪೈಪ್ ಎಳೆದಿರ್ತೀವಿ. ಬಲ್ಲವರು ರಾಡ್ ಬೋಲ್ಟ್ ಜೊತೆಗೆ ವಿಟೆಕ್ ಇಂಜಿನ್ನಿನ ಆಯಿಲ್ ಪಂಪನ್ನೂ ಹಾಕ್ತಿದ್ದದ್ದು ಇದಕ್ಕೇ.

ಮೊದಲ ಸಲ ಸ್ಟಾರ್ಟ್ ಮಾಡುವಾಗ ಸ್ಪಾರ್ಕ್ ಪ್ಲಗ್ ಬಿಚ್ಚಿಟ್ಟು, ಪೆಟ್ರೋಲ್ ಬರದಂತೆ ಮಾಡಿ, ಬರೀ ಸ್ಟಾರ್ಟರ್‌ನಿಂದ ತಿರುಗಿಸ್ತಾರೆ. ಮೀಟರಿನ ಮುಳ್ಳು ಏಳೋವರೆಗೂ. ಹೋಂಡಾ ಕೊಡೋ ಕನಿಷ್ಠ ಲೆಕ್ಕ: ಇಂಜಿನ್ ಬಿಸಿಯಾದ ಮೇಲೆ ಐಡಲ್‌ನಲ್ಲಿ 10 ಪಿಎಸ್‌ಐ, 3,000 ಆರ್‌ಪಿಎಂನಲ್ಲಿ 50. ಆದ್ರೆ ಆ ಮೀಟರ್ ಕೂತಿರೋದು ಬ್ಲಾಕ್ ಮೇಲೆ, ಟೀ ಫಿಟ್ಟಿಂಗ್ ಜಾಗದಲ್ಲಿ. ಮೇಲಿನ ಆರಿಫಿಸ್ ಪೂರ್ತಿ ಮುಚ್ಚಿಹೋಗಿದ್ರೆ ಅದು 50ರ ಬದಲು ಇನ್ನೂ ಚೆನ್ನಾಗೇ ತೋರಿಸುತ್ತೆ! ಹೆಡ್ ಒಣಗಿ ಸಾಯ್ತಿದ್ರೂ ಮುಳ್ಳು ನಗ್ತಾ ಇರುತ್ತೆ. ಹಾಗಾಗಿ ವಾಲ್ವ್ ಕವರ್ ತೆಗೆದು ಕ್ಯಾಮ್‌ಗಳ ಮೇಲೆ ಆಯಿಲ್ ಬಂತಾ ಅಂತ ಕಣ್ಣಾರೆ ನೋಡಬೇಕು, ವಿಟೆಕ್ ಒತ್ತಡವನ್ನ ಸೊಲೆನಾಯ್ಡ್ ಹತ್ತಿರ ಬೇರೆ ಮೀಟರ್ ಹಾಕಿ ಅಳೀಬೇಕು.

ಇದೇ ಪೈಪ್ ತಂತ್ರ ಆಮೇಲೆ ಸಿಆರ್-ವಿಯ ಬಿ20 ಬ್ಲಾಕಿಗೂ ಹೋಯ್ತು: 84 ಮಿ.ಮೀ. ಬೋರ್, 1,972 ಸಿಸಿ. 2001ರಲ್ಲಿ ಕೆ ಸರಣಿ ಬಂದ ಮೇಲೆ ಹುಡುಗರು ಕೆ24 ಬ್ಲಾಕಿಗೆ ಕೆ20 ಹೆಡ್ ಕೂರಿಸೋಕೆ ಶುರು ಮಾಡಿದರು. ಅಲ್ಲಿ ಎರಡೂ ಕಡೆ ವಿಟೆಕ್ ದಾರಿ ಮೊದಲೇ ಇದೆ, ಹೊರಗಿನ ಹೋಸ್ ಬೇಕಾಗಲಿಲ್ಲ. ಗ್ಯಾಸ್ಕೆಟ್ ಇಟ್ಟು ತೂತು ನೋಡೋ ಕೆಲಸ ಮಾತ್ರ ಹಾಗೇ ಉಳೀತು.

ಮುಂದಿನ ಭಾಗದಲ್ಲಿ ಕೆ24ರ ಆಯಿಲ್ ಪಂಪ್, ಮತ್ತೆ ಅದರೊಳಗಿನ ಬ್ಯಾಲೆನ್ಸ್ ಶಾಫ್ಟ್‌ಗಳನ್ನ ಜನ ಯಾಕೆ ಕಿತ್ತು ಹಾಕಿದರು ಅನ್ನೋದು.