ದುರ್ಗದ ಸೀಮೆಗೆ ನರ್ಸಿಂಗ್ ಪದವಿ ಬಂದ ದಾರಿ

1997ರ ಆಗಸ್ಟ್ 15ರಂದು ದಾವಣಗೆರೆ ಪ್ರತ್ಯೇಕ ಜಿಲ್ಲೆಯಾಯಿತು. ದಾವಣಗೆರೆ, ಹರಿಹರ, ಜಗಳೂರು ತಾಲ್ಲೂಕುಗಳು ಚಿತ್ರದುರ್ಗದ ಕೈಬಿಟ್ಟು ಹೋದವು. ನಕ್ಷೆಯಲ್ಲಿ ಹೋದದ್ದು ಮೂರು ತಾಲ್ಲೂಕು ಮಾತ್ರ. ಆದರೆ 1965ರಿಂದ ಜಿಲ್ಲೆಯೊಳಗೇ ಇದ್ದ ಜೆಜೆಎಂ ವೈದ್ಯಕೀಯ ಕಾಲೇಜೂ ಅದನ್ನು ನೆಚ್ಚಿಕೊಂಡು ಬೆಳೆದಿದ್ದ ದೊಡ್ಡ ಆಸ್ಪತ್ರೆಗಳೂ ಅದರೊಂದಿಗೇ ಹೋದವು. ಆ ಕಾಲೇಜಿಗಿರುವುದು ದುರ್ಗದ ಮುರುಘಾಮಠದ ಜಯದೇವ ಮುರುಘರಾಜೇಂದ್ರ ಸ್ವಾಮಿಗಳ ಹೆಸರು. ಊರೂರಿನಲ್ಲಿ ಉಚಿತ ವಿದ್ಯಾರ್ಥಿನಿಲಯ ಕಟ್ಟಿಸಿ ಬಡ ಮಕ್ಕಳಿಗೆ ಅನ್ನ, ಅಕ್ಷರ ಎರಡನ್ನೂ ಕೊಟ್ಟವರು ಅವರು. ಅವರ ಹೆಸರಿನ ಕಾಲೇಜೇ ಜಿಲ್ಲೆಯ ಗಡಿಯಾಚೆ ಉಳಿದುಬಿಟ್ಟಿತು.

ನರ್ಸಿಂಗ್ ಓದಿನ ಚರಿತ್ರೆಗೆ ಈ ವಿಭಜನೆ ಮುಖ್ಯವಾಗುತ್ತದೆ. ಇತಿಹಾಸವನ್ನೋ ಅರ್ಥಶಾಸ್ತ್ರವನ್ನೋ ನಾಲ್ಕು ಕೊಠಡಿ, ಒಂದು ಗ್ರಂಥಾಲಯ ಇದ್ದರೆ ಕಲಿಸಬಹುದು. ನರ್ಸಿಂಗ್ ಹಾಗಲ್ಲ. ಅದನ್ನು ರೋಗಿಯ ಹಾಸಿಗೆಯ ಪಕ್ಕದಲ್ಲಿ ನಿಂತೇ ಕಲಿಯಬೇಕು. ಹಾಸಿಗೆಗಳು ಎಲ್ಲಿ ಹೆಚ್ಚಿದವೋ ಈ ವಿದ್ಯೆಯೂ ಅಲ್ಲೇ ಬೇರೂರಿತು. ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಯ ಹೆಣ್ಣುಮಕ್ಕಳು ನರ್ಸ್ ಆಗಲು ಎಷ್ಟು ದೂರ ಹೋಗಬೇಕಿತ್ತು ಎಂಬುದೇ ಇಲ್ಲಿ ಈ ವೃತ್ತಿಯ ಕಥೆಯ ತಿರುಳು.

ಮೊದಲಿಗೆ ಬೆಂಗಳೂರಿನ ಆಸ್ಪತ್ರೆಗಳಿಗೇ ಹೋಗಬೇಕಿತ್ತು. ಸೇಂಟ್ ಮಾರ್ಥಾಸ್ 1886ರದು, ವಿಕ್ಟೋರಿಯಾ ಆಸ್ಪತ್ರೆ 1900ರದು, ಹೆಂಗಸರು ಮತ್ತು ಮಕ್ಕಳಿಗಾಗಿಯೇ ಕಟ್ಟಿದ ವಾಣಿ ವಿಲಾಸ ಆಸ್ಪತ್ರೆ 1935ರದು. ಹೊಸದುರ್ಗ ರೋಡ್, ಹೊಳಲ್ಕೆರೆ, ಚಿಕ್ಕಜಾಜೂರು, ದಾವಣಗೆರೆ ನಿಲ್ದಾಣಗಳು ಬೆಂಗಳೂರು–ಹರಿಹರ ರೈಲುದಾರಿಯಲ್ಲಿ ಸಾಲಾಗಿ ಬರುತ್ತವೆ. ದುರ್ಗ ಪಟ್ಟಣ ಚಿಕ್ಕಜಾಜೂರಿನಿಂದ ಕವಲೊಡೆದ ಹಳಿಯ ಮೇಲಿದೆ. ರೈಲು ಹಳ್ಳಿಗೆ ಹತ್ತಿರವೇ ಇತ್ತು, ಆದರೆ ಮಗಳನ್ನು ಅದಕ್ಕೆ ಹತ್ತಿಸುವ ಮನಸ್ಸು ಮನೆಯವರಿಗೆ ಇರಲಿಲ್ಲ. ಪರರ ಗಾಯ ತೊಳೆಯುವುದು, ಮಲಮೂತ್ರ ಎತ್ತುವುದು, ರಾತ್ರಿಪಾಳಿಯಲ್ಲಿ ಗಂಡಸರ ವಾರ್ಡಿನಲ್ಲಿ ಓಡಾಡುವುದು ಮೈಲಿಗೆ ಎಂದೂ ಮರ್ಯಾದೆಗೇಡು ಎಂದೂ ಜಾತಿವಂತರ ಮನೆಗಳು ಎಣಿಸಿದ್ದವು. ಹಾಗಾಗಿ ಬಹುಕಾಲ ಈ ಕೆಲಸವನ್ನು ಹೆಚ್ಚಾಗಿ ಕ್ರೈಸ್ತ ಹೆಣ್ಣುಮಕ್ಕಳೇ ಹೊತ್ತರು. ಅವರ ಈ ಋಣವನ್ನು ಕನ್ನಡ ನಾಡು ತಕ್ಕಷ್ಟು ನೆನೆದಿಲ್ಲ.

ಹಿರಿಯೂರಿನ ಕಥೆಯ ಎಳೆ ಬೇರೆ. ವೇದಾವತಿಗೆ ಅಡ್ಡಲಾಗಿ ಮಾರಿಕಣಿವೆಯಲ್ಲಿ 1898ರಲ್ಲಿ ಶುರುವಾಗಿ 1907ರಲ್ಲಿ ಮುಗಿದ ಅಣೆಕಟ್ಟೆ ವಾಣಿವಿಲಾಸ ಸಾಗರವಾಯಿತು. ಬೆಂಗಳೂರಿನ ಹೆರಿಗೆ ಆಸ್ಪತ್ರೆಗೂ ಹಿರಿಯೂರಿನ ಜಲಾಶಯಕ್ಕೂ ಒಬ್ಬರೇ ಮಹಾರಾಣಿಯ ಹೆಸರಿದೆ: ಮಗ ಚಿಕ್ಕವನಿದ್ದಾಗ ರಾಜ್ಯಭಾರ ನಡೆಸಿದ ವಾಣಿವಿಲಾಸ ಸನ್ನಿಧಾನದವರು. ಕಾಲುವೆಯ ನೀರು ಭತ್ತ, ಕಬ್ಬು, ತೆಂಗನ್ನು ತಂದಿತು. ನೀರು ನಿಂತ ಕಡೆ ಸೊಳ್ಳೆ ಹುಟ್ಟಿತು, ಸೊಳ್ಳೆಯ ಹಿಂದೆ ಚಳಿಜ್ವರ ಬಂತು. 1920ರ ದಶಕದ ಕೊನೆಗೆ ಮೈಸೂರು ಸಂಸ್ಥಾನ ರಾಕ್‌ಫೆಲರ್ ಪ್ರತಿಷ್ಠಾನದ ನೆರವಿನಿಂದ ಮಲೇರಿಯಾ ಅಧ್ಯಯನ ಕೇಂದ್ರಗಳನ್ನು ತೆರೆದಾಗ ನಾಗೇನಹಳ್ಳಿ, ಮೂಡಿಗೆರೆಗಳ ಜೊತೆ ಹಿರಿಯೂರನ್ನೂ ಆರಿಸಿಕೊಂಡಿತು. ರೋಗ ಬಂದ ಮೇಲೆ ಔಷಧ ಕೊಡುವುದಕ್ಕಿಂತ ಮನೆಮನೆಗೆ ಹೋಗಿ ರೋಗವನ್ನು ತಡೆಯುವುದು ದೊಡ್ಡದು ಎಂಬ ತಿಳಿವು ಈ ಸೀಮೆಗೆ ಬಂದದ್ದು ಹೀಗೆ. ಇವತ್ತು ಬಿಎಸ್ಸಿ ನರ್ಸಿಂಗ್ ಓದುವವರು ಸಮುದಾಯ ಆರೋಗ್ಯ ಶುಶ್ರೂಷೆ ಎಂಬ ವಿಷಯಕ್ಕಾಗಿ ಹಳ್ಳಿ ಸುತ್ತಿ ಮನೆಗಣತಿ ಮಾಡಿ, ನೀರಿನ ತೊಟ್ಟಿ ಇಣುಕಿ ನೋಡುವ ಕೆಲಸದ ಬೇರು ಅಂಥ ಕೇಂದ್ರಗಳಲ್ಲಿದೆ.

ಆದರೆ ಹೆರಿಗೆ ಮಾತ್ರ ಸೂಲಗಿತ್ತಿಯ ಕೈಯಲ್ಲೇ ಇತ್ತು. ನೆರೆಯ ತುಮಕೂರು ಜಿಲ್ಲೆಯ ಪಾವಗಡ ತಾಲ್ಲೂಕಿನ ಸೂಲಗಿತ್ತಿ ನರಸಮ್ಮ ಶಾಲೆಯ ಮೆಟ್ಟಿಲು ಹತ್ತದೆಯೇ ಸಾವಿರಾರು ಹೆರಿಗೆ ಮಾಡಿಸಿದವರು. 2018ರಲ್ಲಿ ಪದ್ಮಶ್ರೀ ಪಡೆದು ಅದೇ ವರ್ಷದ ಡಿಸೆಂಬರಿನಲ್ಲಿ ತೀರಿಕೊಂಡರು. ಅಂಥ ನುರಿತ ಕೈ ಎಲ್ಲ ಊರಿಗೂ ಇರಲಿಲ್ಲ ಎನ್ನುವುದನ್ನೂ ಮರೆಯಬಾರದು. ಮಗು ಅಡ್ಡ ತಿರುಗಿದಾಗ, ರಕ್ತ ನಿಲ್ಲದಾಗ, ಎಂಥ ಕೈಗುಣವೂ ಸೋಲುತ್ತಿತ್ತು.

1943ರಲ್ಲಿ ಭಾರತ ಸರ್ಕಾರ ದೇಶದ ಆರೋಗ್ಯ ವ್ಯವಸ್ಥೆಯನ್ನು ಪರಿಶೀಲಿಸಲು ಭೋರ್ ಸಮಿತಿಯನ್ನು ನೇಮಿಸಿತು. ಹೊಳಲ್ಕೆರೆ ತಾಲ್ಲೂಕಿನ ಮಲ್ಲಾಡಿಹಳ್ಳಿಯಲ್ಲಿ ರಾಘವೇಂದ್ರ ಸ್ವಾಮೀಜಿಯವರ ಸೇವೆ ಬೇರುಬಿಟ್ಟದ್ದೂ ಅದೇ ಹೊತ್ತಿನಲ್ಲಿ. ‘ತಿರುಕ’ ಎಂಬ ಹೆಸರಿನಲ್ಲಿ ಬರೆದ ಅವರು ಜೋಳಿಗೆ ಹಿಡಿದು ಬೇಡಿ ತಂದ ಹಣದಲ್ಲಿ ಅನಾಥ ಸೇವಾಶ್ರಮವನ್ನು ಕಟ್ಟಿದರು, ಯೋಗ ಕಲಿಸಿದರು, ಆಯುರ್ವೇದದ ಮದ್ದು ಕೊಟ್ಟರು. ಆಸ್ಪತ್ರೆ ದೂರವಿದ್ದ ಕಾಲದಲ್ಲಿ ರೋಗಿಯ ಸೇವೆ ಯಾವ ಜಾತಿಗೂ ಹೀನವಲ್ಲ ಎಂಬುದನ್ನು ಅವರು ಮಾಡಿ ತೋರಿಸಿದರು. ಬಯಲುಸೀಮೆಯ ಹಳ್ಳಿಗಳ ಮನಸ್ಸನ್ನು ಹದಮಾಡುವುದರಲ್ಲಿ ಅದರ ಪಾಲು ಸಣ್ಣದಲ್ಲ.

ಭೋರ್ ಸಮಿತಿ 1946ರಲ್ಲಿ ವರದಿ ಕೊಟ್ಟಾಗ ದೇಶದಲ್ಲಿ ಸುಮಾರು 43,000 ಜನಕ್ಕೆ ಒಬ್ಬ ನರ್ಸ್ ಇದ್ದರು. ದೆಹಲಿಯಲ್ಲೂ ವೆಲ್ಲೂರಿನಲ್ಲೂ ನರ್ಸಿಂಗ್ ಪದವಿ ಶಿಕ್ಷಣ ಶುರುವಾದದ್ದು ಅದೇ ವರ್ಷ. ಮರುವರ್ಷ ಭಾರತೀಯ ನರ್ಸಿಂಗ್ ಕೌನ್ಸಿಲ್ ಕಾಯ್ದೆ ಬಂತು, 1961ರಲ್ಲಿ ನಮ್ಮ ರಾಜ್ಯದ್ದೇ ಆದ ನರ್ಸುಗಳು, ಸೂಲಗಿತ್ತಿಯರು ಮತ್ತು ಆರೋಗ್ಯ ಸಂದರ್ಶಕಿಯರ ಕಾಯ್ದೆ. ದುರ್ಗದ ಹಳ್ಳಿಗಳು ಮೊದಲು ಕಂಡದ್ದು ಮಾತ್ರ ಪದವೀಧರೆಯನ್ನಲ್ಲ, ಎಎನ್‌ಎಂ ಎಂಬ ಸಹಾಯಕ ನರ್ಸ್-ಸೂಲಗಿತ್ತಿ ತರಬೇತಿ ಮುಗಿಸಿ ಬಂದ ‘ನರ್ಸಮ್ಮ’ನನ್ನು. 1951ರಲ್ಲಿ ದೇಶದಲ್ಲಿ ಆರಂಭವಾದ ಆ ತರಬೇತಿ ಎರಡು ವರ್ಷದ್ದು. ಲಸಿಕೆ ಹಾಕಿಸಿ, ಬಸುರಿಯ ತೂಕ ನೋಡಿ, ನಡುರಾತ್ರಿ ಬಾಗಿಲು ಬಡಿದರೆ ಎದ್ದು ಬರುತ್ತಿದ್ದ ಆ ಹೆಂಗಸೇ ಹಳ್ಳಿಯ ಹುಡುಗಿಯರ ಕಣ್ಣಿಗೆ ಬಿದ್ದ ಮೊದಲ ಸರ್ಕಾರಿ ಉದ್ಯೋಗಸ್ಥೆ. ಅವರನ್ನು ನೋಡಿಯೇ ಎಷ್ಟೋ ಮನೆಗಳು ಮಗಳನ್ನು ಜನರಲ್ ನರ್ಸಿಂಗ್‌ಗೆ ಕಳಿಸಲು ಧೈರ್ಯ ಮಾಡಿದವು.

ಪದವಿ ದುರ್ಗಕ್ಕೇ ಬಂದದ್ದು 1997ರ ವಿಭಜನೆಯ ನಂತರದ ಬೆಳವಣಿಗೆ. 1996ರಲ್ಲಿ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ ಹುಟ್ಟಿ, ಬೇರೆ ಬೇರೆ ವಿಶ್ವವಿದ್ಯಾಲಯಗಳಡಿ ಹಂಚಿಹೋಗಿದ್ದ ಆರೋಗ್ಯ ವಿಜ್ಞಾನದ ಕಾಲೇಜುಗಳು ಒಂದೇ ಸೂರಿನಡಿ ಬಂದವು. 1990ರ ದಶಕ ಮುಗಿಯುವಷ್ಟರಲ್ಲಿ ಮುರುಘಾಮಠದ ಎಸ್‌ಜೆಎಂ ವಿದ್ಯಾಪೀಠ ದುರ್ಗದಲ್ಲಿ ಬಸವೇಶ್ವರ ವೈದ್ಯಕೀಯ ಕಾಲೇಜು ಮತ್ತು ಆಸ್ಪತ್ರೆಯನ್ನು ತೆರೆಯಿತು. ಹಾಸಿಗೆ ಬಂದ ಹಿಂದೆಯೇ ನರ್ಸಿಂಗ್ ಓದೂ ಬಂತು. ಇದೇ ಕಾಲದಲ್ಲಿ ರಾಜ್ಯದ ತುಂಬ ಖಾಸಗಿ ನರ್ಸಿಂಗ್ ಕಾಲೇಜುಗಳು ಎದ್ದವು; ಕೇರಳದ ಹುಡುಗ ಹುಡುಗಿಯರು ಅವುಗಳನ್ನು ತುಂಬಿದರು. ಕೊಲ್ಲಿ ದೇಶಗಳ, ಇಂಗ್ಲೆಂಡಿನ ಕೆಲಸಗಳ ಮೇಲೆ ಅವರ ಕಣ್ಣಿತ್ತು. ನಮ್ಮ ತಾಲ್ಲೂಕುಗಳ ಮಕ್ಕಳು ಅದೇ ಕಾಲೇಜುಗಳ ಬಾಗಿಲಿಗೆ ತಡವಾಗಿ ಬಂದರು. 2023ರಲ್ಲಿ ದುರ್ಗದಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜೂ ಆರಂಭವಾಯಿತು.

ಪದವಿಯ ನಾಲ್ಕು ವರ್ಷ ಸುಲಭದ್ದಲ್ಲ. ಮೊದಲ ವರ್ಷ ಅಂಗರಚನೆ, ಶರೀರಕ್ರಿಯೆಯ ಜೊತೆಗೆ ಹಾಸಿಗೆ ಹಾಸುವುದು, ರೋಗಿಯ ಮೈ ಒರೆಸುವುದು, ನಾಡಿ ಎಣಿಸುವುದು. ಕೈಯಲ್ಲಿ ದೀಪ ಹಿಡಿದು ಪ್ರಮಾಣ ಮಾಡುವ ಸಮಾರಂಭ. ಮುಂದೆ ಔಷಧಶಾಸ್ತ್ರ, ಮಕ್ಕಳ ವಾರ್ಡು, ಹೆರಿಗೆ ಕೋಣೆ, ಮನೋರೋಗ ವಿಭಾಗ. ಮನೋರೋಗದ ಪೋಸ್ಟಿಂಗ್‌ಗೆ ಬೆಂಗಳೂರಿನ ನಿಮ್ಹಾನ್ಸ್‌ಗೋ ಧಾರವಾಡಕ್ಕೋ ಹೋಗುವುದು ಅನೇಕ ಕಾಲೇಜುಗಳ ರೂಢಿ. ಹಗಲು ವಾರ್ಡು, ರಾತ್ರಿ ಕೇಸ್ ಬುಕ್ಕು. ಕನ್ನಡ ಮಾಧ್ಯಮದಿಂದ ಬಂದವರಿಗೆ ಮೊದಲ ಆರು ತಿಂಗಳು ಇಂಗ್ಲಿಷ್ ಪಾಠಪುಸ್ತಕವೇ ದೊಡ್ಡ ಬೆಟ್ಟ. ಆದರೆ ವಾರ್ಡಿನಲ್ಲಿ ರೋಗಿಯ ಜೊತೆ ಮಾತಿಗೆ ಕೂತಾಗ ಎಲ್ಲರಿಗಿಂತ ಮುಂದಿರುವವರೂ ಅವರೇ. 2021ರ ಪರಿಷ್ಕೃತ ಪಠ್ಯಕ್ರಮ ವಾರ್ಷಿಕ ಪರೀಕ್ಷೆಯನ್ನು ತೆಗೆದು ಎಂಟು ಸೆಮಿಸ್ಟರ್ ಮಾಡಿತು, ಕೊನೆಯದರಲ್ಲಿ ಇಂಟರ್ನ್‌ಶಿಪ್. ಪಾಸಾದ ಮೇಲೆ ರಾಜ್ಯ ನರ್ಸಿಂಗ್ ಕೌನ್ಸಿಲ್‌ನಲ್ಲಿ ನೋಂದಣಿ ಆಗದ ಹೊರತು ನರ್ಸ್ ಆಗಿ ಕೆಲಸ ಮಾಡುವಂತಿಲ್ಲ.

ಇಷ್ಟಾದರೂ ಬಾಗಿಲು ಪೂರ್ತಿ ತೆರೆದಿಲ್ಲ. ಬಿಎಸ್ಸಿ ನರ್ಸಿಂಗ್‌ಗೆ ಪಿಯುಸಿಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಓದಿರಬೇಕು, ಇಂಗ್ಲಿಷೂ ಇರಬೇಕು. 2023ರಿಂದ ಸರ್ಕಾರಿ ಸೀಟಿಗೆ ಸಿಇಟಿಯೂ ಬೇಕು. ಹತ್ತನೆಯ ತರಗತಿ ಮುಗಿಸಿದ ಹಳ್ಳಿಯ ಹುಡುಗಿ ಸೈನ್ಸ್ ಕಷ್ಟ ಎಂದು ಕಲಾ ವಿಭಾಗಕ್ಕೆ ಸೇರಿದ ದಿನವೇ ಈ ಪದವಿಯ ನೇರ ದಾರಿ ಅವಳಿಗೆ ಮುಚ್ಚಿಹೋಗುತ್ತದೆ, ಅದು ಅವಳಿಗೆ ಗೊತ್ತೂ ಇರುವುದಿಲ್ಲ. ಬಳಸುದಾರಿ ಇದೆ: ಮೂರು ವರ್ಷದ ಜನರಲ್ ನರ್ಸಿಂಗ್, ಅಂದರೆ ಜಿಎನ್‌ಎಂ ಡಿಪ್ಲೊಮಾಕ್ಕೆ ಕಲಾ ವಿಭಾಗದವರೂ ಸೇರಬಹುದು, ಆಮೇಲೆ ಎರಡು ವರ್ಷದ ಪೋಸ್ಟ್ ಬೇಸಿಕ್ ಬಿಎಸ್ಸಿ ಮಾಡಬಹುದು. ಇದನ್ನು ಹೇಳುವವರು ಮಾತ್ರ ಕಡಿಮೆ.

ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಯ ಪ್ರೌಢಶಾಲೆಗಳ ಮೇಷ್ಟ್ರು ಮೇಡಮ್ಮಂದಿರು ಎಸ್ಸೆಸ್ಸೆಲ್ಸಿ ಫಲಿತಾಂಶ ಬರುವುದಕ್ಕೆ ಮುಂಚೆಯೇ ಈ ಎರಡೂ ದಾರಿಗಳನ್ನು ತರಗತಿಯಲ್ಲಿ ಬಿಡಿಸಿ ಹೇಳಲಿ. ಪಿಯು ಕಾಲೇಜಿನ ಜೀವಶಾಸ್ತ್ರದ ಉಪನ್ಯಾಸಕರು ಸಿಇಟಿ ಅರ್ಜಿ ತುಂಬುವ ದಿನ ಮಕ್ಕಳ ಪಕ್ಕದಲ್ಲಿ ಕೂತು, ನರ್ಸಿಂಗ್ ಕೂಡ ಅದರಲ್ಲಿದೆ ಎಂದು ತೋರಿಸಲಿ. ಜಿಲ್ಲಾಸ್ಪತ್ರೆಯ ಹಿರಿಯ ಸಿಸ್ಟರ್‌ಗಳನ್ನು ವರ್ಷಕ್ಕೊಮ್ಮೆಯಾದರೂ ಶಾಲೆಗೆ ಕರೆಸಿ ಅವರ ಬಾಯಿಂದಲೇ ಈ ಕೆಲಸದ ಮಾತು ಕೇಳಿಸಲಿ.